ನಮ್ಮ ಮನೆಯ ಹೊಸ ಏರ್ಪಾಡು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರ ಸಂಘದವರಿಂದ ಕಾಗದ ಬಂದಾಗ, ಎಲ್ಲರಂತೆ ನಾನೂ ಬೋರ್ಡಿಂಗಿನ ನೆನಪುಗಳನ್ನೇ ಬರೆಯೋಣವೆಂದು ಕುಳಿತೆನು. ಬೆಳಗಿನ ಗಂಟೆ, ಸಾಲಾಗಿ ಕುಳಿತು ಒಬ್ಬರ ಜಡೆಯನ್ನು ಮತ್ತೊಬ್ಬರು ಹೆಣೆಯುತ್ತಿದ್ದುದು, ಶನಿವಾರದ ಹೊಲಿಗೆ, ಮರದ ನೆರಳಿನ ಊಟ, ಇವೆಲ್ಲ ಒಂದಾದ ಮೇಲೊಂದು ಕಣ್ಣಮುಂದೆ ಬಂದುವು. ಆದರೆ ಅವುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಸಹೋದರಿಯರು ಬೇಕಾದಷ್ಟು ಮಂದಿ ಇರುವರು. ಶಾಲೆಯಲ್ಲಿ ಕಲಿತ ಒಂದು ಚಿಕ್ಕ ವಿದ್ಯೆಯು 39 ವರ್ಷಗಳ ತರುವಾಯ ನನ್ನ ಕೈಗೆ ಹೇಗೆ ಬಂದಿತೆಂಬುದನ್ನೂ, ಅದರ ಸುತ್ತ ನಮ್ಮ ಮನೆಯು ಹೇಗೆ ಹೊಸದಾಗಿ ಕಟ್ಟಿಕೊಂಡಿತೆಂಬುದನ್ನೂ ಹೇಳಿದರೆ, ಇಂಥ ಸಂದರ್ಭ ಒದಗಿರುವ ಅಥವಾ ಮುಂದೆ ಒದಗಬಹುದಾದ ಮನೆಗಳವರಿಗೆ ಉಪಯೋಗವಾದೀತೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

1979ನೆಯ ಇಸವಿಯಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆನು. ವಾರಕ್ಕೊಂದು ದಿನ ಗೃಹಶುಶ್ರೂಷೆಯ ಪಾಠವಿರುತ್ತಿತ್ತು. ಮಲಗಿದ ರೋಗಿಯನ್ನು ಮೇಲಕ್ಕೆ ಎಬ್ಬಿಸದೆಯೇ ಹಾಸಿಗೆಯ ಬಟ್ಟೆಯನ್ನು ಬದಲಿಸುವ ಕ್ರಮವನ್ನು ನಮ್ಮ ಟೀಚರಮ್ಮನವರು ಕಲಿಸಿದರು. ಎರಡು ಬೆಂಚುಗಳನ್ನು ಜೋಡಿಸಿ, ಅವುಗಳ ಮೇಲೆ ನಮ್ಮಲ್ಲೇ ಒಬ್ಬಳನ್ನು ಮಲಗಿಸಿ, ಒಂದು ಮಗ್ಗುಲಿಗೆ ಮೆಲ್ಲನೆ ಹೊರಳಿಸಿ, ಹಳೆಯ ಬಟ್ಟೆಯನ್ನು ಬೆನ್ನಿನ ತನಕ ಸುರುಳಿ ಸುತ್ತಿ, ಹೊಸದನ್ನು ಅದರ ಪಕ್ಕದಲ್ಲಿ ಹಾಸಿ, ಅವಳನ್ನು ಇತ್ತ ಹೊರಳಿಸಿ ಹಳೆಯದನ್ನು ಎಳೆದುಕೊಳ್ಳಬೇಕು. ಎಲ್ಲರಿಗಿಂತ ನಾನು ಹಗುರವಾಗಿದ್ದುದರಿಂದ ರೋಗಿಯ ಪಾತ್ರವು ಯಾವಾಗಲೂ ನನಗೇ ಬರುತ್ತಿತ್ತು. ಆದಕಾರಣ ಬಟ್ಟೆ ಬದಲಿಸುವ ಕೈಚಳಕಕ್ಕಿಂತ, ಹೊರಳಿಸುವವರ ಕೈ ಒರಟಾದಾಗ ಮಲಗಿದವಳಿಗೆ ಏನನಿಸುವುದೆಂಬುದನ್ನೇ ನಾನು ಹೆಚ್ಚಾಗಿ ಕಲಿತೆನು. ಆಗ ನಾವೆಲ್ಲ ನಕ್ಕದ್ದೇ ನಕ್ಕದ್ದು.

ಮದುವೆಯಾಗಿ ನಾನು ಸೇರಿದ್ದು ಬಾಗೇಪಲ್ಲಿಯ ಕಡೆಯ ಒಂದು ಹಳ್ಳಿಗೆ. ಅಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. 1998ರಲ್ಲಿ ಅಲ್ಲಿಯ ಜಮೀನನ್ನು ಮೈದುನನಿಗೆ ಬಿಟ್ಟು, ನಾವು ಪೆರೇಸಂದ್ರಕ್ಕೆ ಬಂದು ಎರಡು ಎಕರೆ ಹಿಪ್ಪುನೇರಳೆಯನ್ನೂ ಒಂದು ಹುಳುಮನೆಯನ್ನೂ ಮಾಡಿಕೊಂಡೆವು. ಈ ಊರನ್ನು ಕಾಣದವರಿಗೆ ಹೇಳುವುದಾದರೆ, ಇದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರಕ್ಕೂ ಬಾಗೇಪಲ್ಲಿಗೂ ನಡುವೆ ಇದೆ. ಗುಡಿಬಂಡೆಗೆ ಹೋಗುವವರು ಇಲ್ಲಿಯೇ ತಿರುಗಬೇಕು. ಹಗಲಿರುಳೂ ಲಾರಿಗಳ ಸದ್ದು. ರಾತ್ರಿ ಎಚ್ಚರವಾಗಿರಬೇಕಾದವರಿಗೆ ಆ ಸದ್ದು ಒಂದು ಜೊತೆಯೆಂಬುದನ್ನು ನಾನು ಆಮೇಲೆ ತಿಳಿದೆನು.

ನಮ್ಮ ಯಜಮಾನರಿಗೆ ನಲವತ್ತೈದು ದಾಟುತ್ತಿದ್ದಂತೆ ಬೆನ್ನು ಬಿಗಿಯತೊಡಗಿತು. ಬೆಳಗ್ಗೆ ಎದ್ದಾಗ ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಿ ನೋಡುವರು. ವಾಯುವೆಂದರು, ಎಣ್ಣೆ ತೀಡಿದೆವು. ಸೊಂಟದ ನರವೆಂದರು, ಸೂಜಿ ಹಾಕಿಸಿದೆವು. ಊರಿನಲ್ಲಿ ನಮ್ಮ ಅತ್ತೆಯವರ ಬೆನ್ನೂ ಹಾಗೆಯೇ ಬಾಗಿತ್ತು, ನೆರೆಮನೆಯ ಅಜ್ಜನದೂ ಬಾಗಿತ್ತು. ಆದ್ದರಿಂದ ಅದು ವಯಸ್ಸಿನ ಧರ್ಮವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಹೀಗೆ ಎಂಟು ಹತ್ತು ವರ್ಷಗಳು ಕಳೆದುವು. 2014ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ವೈದ್ಯರು ಅದನ್ನು ಬೆಳಕಿಗೆ ಹಿಡಿದು, ಮೂಳೆಗಳು ಸೀಮೆಸುಣ್ಣದಂತೆ ಬೆಳ್ಳಗಾಗಿರುವುದನ್ನೂ, ಮುಂಗೈಯ ಎರಡು ಮೂಳೆಗಳ ನಡುವಣ ಪೊರೆಯು ಗಟ್ಟಿಯಾಗಿ ಮೂಳೆಯಂತೆ ಕಾಣುತ್ತಿರುವುದನ್ನೂ ತೋರಿಸಿದರು. ಬಳಿಕ, “ನೀವು ಕುಡಿದ ನೀರು ಯಾವ ಊರಿನದು?” ಎಂದು ಕೇಳಿದರು. ವೈದ್ಯರು ಊರಿನ ನೀರನ್ನು ವಿಚಾರಿಸಿದುದು ನನಗೆ ಆಗ ವಿಚಿತ್ರವಾಗಿ ಕಂಡಿತು.

ಅದು ಫ್ಲೋರೈಡಿನ ರೋಗ. ನೆಲದಾಳದ ಕಲ್ಲಿನಲ್ಲಿರುವ ಈ ಪದಾರ್ಥವು ನೀರಿಗಿಳಿದು, ವರ್ಷಗಟ್ಟಲೆ ಕುಡಿದವರ ಮೂಳೆಗಳಲ್ಲಿ ಸೇರಿಕೊಂಡು, ಕೀಲುಗಳನ್ನೂ ಬೆನ್ನುಹುರಿಯ ಸುತ್ತಣ ಕಟ್ಟುಗಳನ್ನೂ ಗಟ್ಟಿಮಾಡುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂದೂ, ಬೇರೆ ನೀರೇ ಇಲ್ಲದ ಕಡೆ ಒಂದೂವರೆಯನ್ನು ಮೀರಕೂಡದೆಂದೂ ನಮ್ಮ ದೇಶದ ಮಾನಕವು ವಿಧಿಸಿದೆ. ಬಾಗೇಪಲ್ಲಿ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಇದಕ್ಕೆ ಮೀರಿ ಇರುವುದು. ಕೆರೆಗಳೂ ತೋಡುಬಾವಿಗಳೂ ಬತ್ತಿದಷ್ಟೂ ನಾವು ಆಳಕ್ಕೆ ಕೊರೆದೆವು. ಆಳಕ್ಕೆ ಹೋದಷ್ಟೂ ಕಲ್ಲಿನ ನೀರು ಬಂದಿತು. ಈ ರೋಗವೇನು ಹೊಸದಾಗಿ ಕಂಡದ್ದಲ್ಲ. 1937ರಲ್ಲಿಯೇ ಅಂದಿನ ಮದರಾಸು ಪ್ರಾಂತದ ವೈದ್ಯರು ಇದನ್ನು ಗುರುತಿಸಿ ವೈದ್ಯಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಹಳ್ಳಿಗೆ ಕೈಪಂಪು ಬಂದ ಮೇಲೆ ಹುಟ್ಟಿದ ಮೈದುನನ ಹಲ್ಲುಗಳಲ್ಲಿ ಕಂದುಗೆರೆಗಳಿದ್ದುವು. ಅದಕ್ಕೆ ಮೊದಲೇ ಹಲ್ಲು ಬಂದಿದ್ದ ಯಜಮಾನರ ಹಲ್ಲುಗಳು ಬೆಳ್ಳಗಿದ್ದುವು. ಹಲ್ಲು ಚೆನ್ನಾಗಿದ್ದುದರಿಂದಲೇ ಅವರ ಮೇಲೆ ಯಾರಿಗೂ ಅನುಮಾನ ಬರಲಿಲ್ಲವೆಂದು ಈಗ ತೋರುತ್ತದೆ.

“ಸೇರಿದ್ದನ್ನು ತೆಗೆಯುವ ಔಷಧವಿಲ್ಲ. ನೀರನ್ನು ಬದಲಿಸಿ, ಒಳ್ಳೆಯ ಆಹಾರ ಕೊಡಿ. ಮುಂದೆ ಕಾಲುಗಳಿಗೆ ತೊಂದರೆ ಬರಬಹುದು, ಮನೆಯನ್ನು ಅಣಿಮಾಡಿಕೊಳ್ಳಿ,” ಎಂದು ಆ ವೈದ್ಯರು ಹೇಳಿದರು. ಈ ಕೊನೆಯ ಮಾತನ್ನು ಯಾವ ವೈದ್ಯರೂ ಅದಕ್ಕೆ ಮೊದಲು ನಮಗೆ ಹೇಳಿರಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ. ಆದರೆ ನಾವು ಮಾಡಿದ್ದೇನು? ನೀರನ್ನು ಮಾತ್ರ ಬದಲಿಸಿದೆವು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನುಗಳನ್ನು ತಂದು, ಕುಡಿಯುವುದಕ್ಕಷ್ಟೇ ಅಲ್ಲದೆ ಅಡಿಗೆಗೂ ಅದನ್ನೇ ಬಳಸಿದೆವು. (ಕಾಯಿಸಿದರೆ ದೋಷ ಹೋಗುವುದೆಂದು ಬಹಳ ಮಂದಿ ನಂಬಿರುವರು. ಫ್ಲೋರೈಡು ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚುತ್ತದೆ.) ಮಿಕ್ಕ ವಿಷಯವನ್ನು ಇಬ್ಬರೂ ನುಂಗಿಕೊಂಡು ಸುಮ್ಮನಾದೆವು. ಆಗ ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು. ತಂದೆಗೆ ಬೆನ್ನಿನ ರೋಗವೆಂದು ತಿಳಿದರೆ ವಂಶದ ದೋಷವೆಂದು ಬೀಗರು ಹಿಂಜರಿದಾರೆಂಬ ಭಯ. ನೀರಿನ ದೋಷವು ವಂಶಕ್ಕೆ ಹೇಗೆ ಬಂದೀತು? ಇದನ್ನು ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ. 2015ರಲ್ಲಿ ಮದುವೆಯಾಯಿತು. ಚಪ್ಪರದಲ್ಲಿ ಯಜಮಾನರು ಎದ್ದು ಕೂರಲು ಪಡುತ್ತಿದ್ದ ಕಷ್ಟವನ್ನು ಕಂಡ ಬೀಗರು ಎರಡು ದಿನಗಳಲ್ಲಿಯೇ ಕೇಳಿದರು, ಹೇಳಿದೆನು, ಅವರು ತಮ್ಮ ಚಿಕ್ಕಪ್ಪನವರಿಗೂ ಹೀಗೆಯೇ ಇದೆಯೆಂದರು. ಬಚ್ಚಿಟ್ಟು ಕಳೆದ ಆ ದಿನಗಳೆಲ್ಲ ವ್ಯರ್ಥವಾದುವು.

2017ರ ಮಳೆಗಾಲದಲ್ಲಿ ಅವರ ಕಾಲುಗಳು ಬಿಗಿದು ಎಡವತೊಡಗಿದುವು. ವರ್ಷದ ಕೊನೆಯಲ್ಲಿ ಬೆನ್ನುಹುರಿಯ ಮೇಲಿನ ಒತ್ತಡವನ್ನು ಬಿಡಿಸಲು ಶಸ್ತ್ರಚಿಕಿತ್ಸೆಯಾಯಿತು. ಅವರು ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದ ದಿನವೇ, ಊರಿನಿಂದ ಒಬ್ಬರು ಮಗನಿಗೆ ಫೋನು ಮಾಡಿ, ತಾವು ಕೊಟ್ಟ 80,000 ರೂಪಾಯಿಗಳ ಕೈಸಾಲದ ಗತಿಯೇನೆಂದು ಕೇಳಿದರು. ನನಗೆ ಆ ಸಾಲದ ಸುದ್ದಿಯೇ ಗೊತ್ತಿರಲಿಲ್ಲ. ಅದೇ ರೀತಿ ನಮಗೆ ಯಾರು ಕೊಡಬೇಕಾಗಿತ್ತೆಂಬುದೂ ಗೊತ್ತಿರಲಿಲ್ಲ. ಗೂಡಿನ ಹಣ, ಗೊಬ್ಬರದ ಅಂಗಡಿಯ ಬಾಕಿ, ಚೀಟಿಯ ಕಂತು, ಎಲ್ಲವೂ ಯಜಮಾನರ ತಲೆಯಲ್ಲಿಯೇ ಇದ್ದುವು. ಮೂರು ವರ್ಷಗಳ ಬಿಡುವು ದೊರೆತಿದ್ದಾಗ ಒಂದು ನೋಟುಪುಸ್ತಕವನ್ನು ಇಟ್ಟುಕೊಂಡಿದ್ದರೆ, ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕುಳಿತು ಅಳಬೇಕಾಗಿರಲಿಲ್ಲ. ಅವರಿಗೆ ಎಚ್ಚರವಾದ ನಾಲ್ಕನೆಯ ದಿನ ಕೇಳಿ ಕೇಳಿ ಎಲ್ಲವನ್ನೂ ಬರೆದುಕೊಂಡೆನು. ಆ ಪುಸ್ತಕವೇ ನಮ್ಮ ಹೊಸ ಏರ್ಪಾಡಿನ ಮೊದಲನೆಯ ಸಾಮಾನು.

ಕೈಗಳ ಬಲ ಉಳಿಯಿತು, ನಡಿಗೆ ಮರಳಲಿಲ್ಲ. 2018ರ ಜನವರಿಯಲ್ಲಿ ಗಾಲಿಕುರ್ಚಿಯೊಡನೆ ಮನೆಗೆ ಬಂದೆವು. ಆ ಕುರ್ಚಿಯನ್ನು ಜಗುಲಿಯ ಮುಂದೆ ಇಳಿಸಿದಾಗಲೇ ಅದು ಒಳಕ್ಕೆ ಹೋಗುವ ದಾರಿಯಿಲ್ಲವೆಂದು ನಮಗೆ ಹೊಳೆದದ್ದು. ಜಗುಲಿ ಎರಡಡಿ ಎತ್ತರ, ಹೊಸ್ತಿಲು ಮೇಲೆ ಮತ್ತೆ ಆರಂಗುಲ, ಬಾಗಿಲು ಎರಡೂವರೆ ಅಡಿ ಅಗಲ. ನಾಲ್ವರು ಅವರನ್ನು ಕುರ್ಚಿಸಹಿತ ಹೊತ್ತು ಒಳಗೆ ತಂದರು. ತಾವು ಕಟ್ಟಿಸಿದ ಮನೆಗೆ ತಾವೇ ಹೆಗಲ ಮೇಲೆ ಬರಬೇಕಾಯಿತೆಂದು ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಎರಡು ತಿಂಗಳು ಹೊರಗೆ ಬರಲೇ ಇಲ್ಲ.

ಇಳಿಜಾರು ಕಟ್ಟಲು ಬಂದ ಮೇಸ್ತ್ರಿಯು ಎಂಟಡಿಯಲ್ಲಿ ಮುಗಿಸಿದನು. ಮರಳಿನ ಮೂಟೆಯನ್ನಿಟ್ಟು ಕುರ್ಚಿಯನ್ನು ಬಿಟ್ಟು ನೋಡಿದರೆ, ಅದು ಅಂಗಳವನ್ನು ದಾಟಿ ರಾಗಿಯ ಮೆದೆಗೆ ಹೋಗಿ ಬಿದ್ದಿತು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕೆಂಬ ಲೆಕ್ಕವನ್ನು ಆಮೇಲೆ ಕೇಳಿ ತಿಳಿದೆವು. ನಮಗೆ 24 ಅಡಿ ಬೇಕು. ಅಂಗಳದಲ್ಲಿ ನೇರವಾಗಿ ಇರುವುದು ಅದರ ಅರ್ಧ. ಆದ್ದರಿಂದ ಗೋಡೆಯ ಪಕ್ಕದಲ್ಲಿ ಅರ್ಧ ದೂರ ಏರಿಸಿ, ಕುರ್ಚಿ ತಿರುಗುವಷ್ಟು ಐದಡಿ ಚೌಕದ ಸಮತಟ್ಟನ್ನು ಬಿಟ್ಟು, ಅಲ್ಲಿಂದ ಮೂಲೆಯಲ್ಲಿ ತಿರುಗಿಸಿ ಮತ್ತರ್ಧವನ್ನು ಏರಿಸಿದೆವು. ಎರಡು ಸಾರಿ ಸಿಮೆಂಟಿನ ಖರ್ಚು. ಅಳತೆಯನ್ನು ಮೊದಲೇ ತಿಳಿದುಕೊಳ್ಳದವರಿಗೆ ತಕ್ಕ ಶಾಸ್ತಿ ಎಂದು ಈಗ ನಗುತ್ತೇವೆ.

ಹೊಸ್ತಿಲಿನ ಕಥೆ ಬೇರೆ. ಅದನ್ನು ಕೊಯ್ದು ತೆಗೆಯಬೇಕೆಂದಾಗ ನಮ್ಮ ಅತ್ತೆಯವರು ಅದರ ಮುಂದೆ ಕುಳಿತುಬಿಟ್ಟರು. “ಪ್ರತಿ ಶುಕ್ರವಾರ ಅರಿಶಿನ ಹಚ್ಚಿದ ಹೊಸ್ತಿಲು. ಮಗನಿಗೆ ಕಾಲು ಹೋಯಿತು, ಮನೆಗೆ ಹೊಸ್ತಿಲೂ ಹೋಗಬೇಕೇ?” ಎಂದು ತೆಲುಗಿನಲ್ಲಿ ಕೇಳಿದರು. ಮೊದಲು ನನಗೆ ಸಿಟ್ಟು ಬಂದಿತು. ರಾತ್ರಿ ಯೋಚಿಸಿದಾಗ ಆ ಮಾತಿನ ತಿರುಳು ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮರಗೆಲಸದವನು ಹೊಸ್ತಿಲಿನ ಎರಡು ಕಡೆಗೂ ಅದರ ಎತ್ತರಕ್ಕೆ ಸಮನಾಗಿ ಇಳಿಜಾರು ಹಲಗೆಗಳನ್ನು ಬಡಿದು ಕೊಟ್ಟನು. ಮೇಲಿನ ಅಂಗೈಯಗಲದ ಪಟ್ಟಿ ಇದ್ದ ಹಾಗೆಯೇ ಇದೆ. ಅತ್ತೆಯವರು ಈಗಲೂ ಅದಕ್ಕೆ ಅರಿಶಿನ ಹಚ್ಚುವರು, ಗಾಲಿಗಳು ಅದನ್ನು ಒಳಕ್ಕೆ ಒಯ್ಯುವುವು. ನಡುಮನೆಯಲ್ಲಿ ಹಳದಿಯ ಎರಡು ಗೆರೆಗಳು ವಾರವೆಲ್ಲ ಇರುತ್ತವೆ. ಕದದ ಚೌಕಟ್ಟನ್ನು ಮಾತ್ರ ಮೂರಡಿಗೆ ಅಗಲಿಸಿದೆವು.

ಮಂಚವನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ ಕುರ್ಚಿಯ ಕೂರುವ ಹಲಗೆಯ ಮಟ್ಟಕ್ಕೆ ತಂದೆವು. ನಡುವೆ ನುಣುಪಾದ ಒಂದು ಹಲಗೆಯನ್ನಿಟ್ಟರೆ ಯಜಮಾನರು ತಾವಾಗಿ ಇಲ್ಲಿಂದ ಅಲ್ಲಿಗೆ ಸರಿಯಬಲ್ಲರು. ಹಿತ್ತಲಿನ ಪಾಯಖಾನೆಯನ್ನು ಬಿಟ್ಟು, ಮಲಗುವ ಕೋಣೆಗೆ ತಗುಲಿದಂತೆ ಕಮೋಡಿನ ಕೋಣೆಯನ್ನು ಕಟ್ಟಿಸಿ, ಗೋಡೆಗೆ ಕಬ್ಬಿಣದ ಹಿಡಿಗಳನ್ನು ಹೂಳಿಸಿದೆವು. ಅದರ ಕದವು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಬಿದ್ದವರು ಕದಕ್ಕೆ ಅಡ್ಡವಾದರೆ ಹೊರಗಿನವರು ತೆರೆಯಲಾರರು.

ಇನ್ನು ನನ್ನ ದೊಡ್ಡ ತಪ್ಪನ್ನು ಹೇಳಬೇಕು. ಕಾಲುಗಳಲ್ಲಿ ಸ್ಪರ್ಶ ಕಡಿಮೆಯಾದವರು ಒಂದೇ ಮಗ್ಗುಲಿನಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆಯೊತ್ತುವೆಡೆಯಲ್ಲಿ ರಕ್ತವಾಡದೆ ಚರ್ಮ ಸಾಯುತ್ತದೆ. ನಮಗಾದರೆ ನೋವಾಗಿ ನಿದ್ದೆಯಲ್ಲಿಯೇ ಹೊರಳುವೆವು. ಅವರಿಗೆ ನೋವಿನ ಕರೆಯೇ ಬರದು. ಆದಕಾರಣ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದೂ, ಕುರ್ಚಿಯಲ್ಲಿದ್ದಾಗ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಮೈಯನ್ನು ಎತ್ತಬೇಕೆಂದೂ ಆಸ್ಪತ್ರೆಯಲ್ಲಿ ಹೇಳಿದ್ದರು. ಮೊದಲನೆಯ ತಿಂಗಳು ಬೆಂಚಿನ ಪಾಠವನ್ನು ನೆನೆದು ಚೆನ್ನಾಗಿಯೇ ಮಾಡಿದೆನು. ಹಗಲು ಹುಳುಮನೆ, ರಾತ್ರಿ ನಾಲ್ಕು ಸಾರಿ ಏಳುವುದು. ಫೆಬ್ರವರಿಯ ಒಂದು ರಾತ್ರಿ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಸೊಪ್ಪು ಮೇಯುತ್ತಿದ್ದ ಕಾಲ. ಹತ್ತು ಗಂಟೆಗೆ ಮಲಗಿದವಳಿಗೆ ಬೆಳಗಿನ ಐದಕ್ಕೆ ಎಚ್ಚರವಾಯಿತು. ಅವರು ಎಚ್ಚರವಾಗಿಯೇ ಇದ್ದರು. “ನೀನು ಅಷ್ಟು ಚೆನ್ನಾಗಿ ನಿದ್ದೆಮಾಡುತ್ತಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ,” ಎಂದರು. ಬೆನ್ನಿನ ಬುಡದಲ್ಲಿ ಎಂಟಾಣೆಯಗಲದ ಕೆಂಪುಗುರುತು ಎದ್ದಿತ್ತು. ಒತ್ತಿದರೆ ಬಿಳುಪಾಗಲಿಲ್ಲ. ವಾರದಲ್ಲಿ ಅದು ಹುಣ್ಣಾಯಿತು. ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಆ ಹುಣ್ಣಿನ ಬೆನ್ನಿಗೇ ಮತ್ತೊಂದು ಬಂದಿತು. ಮೂತ್ರವು ತಾನಾಗಿ ಪೂರ್ತಿ ಹೋಗದಿದ್ದುದರಿಂದ ನಾಲ್ಕೈದು ಗಂಟೆಗೊಮ್ಮೆ ನಳಿಕೆಯನ್ನು ಹಾಕಿ ತೆಗೆಯಬೇಕಾಗಿತ್ತು. ಇದು ಸಭೆಯಲ್ಲಿ ಆಡುವ ಮಾತಲ್ಲವೆಂದು ಕೆಲವರಿಗೆ ತೋರಬಹುದು; ಆದರೆ ಇಂಥ ಮನೆಗಳಲ್ಲಿ ಜನರು ಕಾಯಿಲೆ ಬೀಳುವುದು ಈ ಮಾತನ್ನು ಆಡದಿರುವುದರಿಂದಲೇ. ನಾನೇ ಆ ಕೆಲಸವನ್ನು ಮಾಡುತ್ತಿದ್ದೆನು. ಬೇಸಗೆಯ ನಡುವೆ ಅವರಿಗೆ ಚಳಿಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿಡಬೇಕಾಯಿತು. ದಿನಕ್ಕೆ ಎಷ್ಟು ನೀರು ಕುಡಿಯುವರೆಂದು ವೈದ್ಯರು ಕೇಳಿದಾಗ ನಾನು ತಂಬಿಗೆಯ ಲೆಕ್ಕ ಹೇಳಿದೆನು. ಯಜಮಾನರು ತಲೆಯಾಡಿಸಿದರು. ತಂಬಿಗೆಯ ನೀರನ್ನು ಕಿಟಕಿಯಿಂದ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರಂತೆ. ಕುಡಿದರಲ್ಲವೆ ನಾನು ಮತ್ತೆ ಮತ್ತೆ ನಳಿಕೆಯನ್ನು ಹಿಡಿದು ಬರಬೇಕಾದುದು! ಕೆಟ್ಟ ನೀರನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಡಿದವರು, ದುಡ್ಡು ಕೊಟ್ಟು ತಂದ ಒಳ್ಳೆಯ ನೀರನ್ನು ನನಗೋಸ್ಕರ ಚೆಲ್ಲುತ್ತಿದ್ದರು. ಆ ದಾಸವಾಳವು ಆ ವರ್ಷ ಬಹಳ ಹೂ ಬಿಟ್ಟಿದ್ದುದಕ್ಕೆ ನಾನು ಸಂತೋಷಪಟ್ಟಿದ್ದೆನು.

ಅಲ್ಲಿಯವರೆಗೆ ನಾನು ಮನೆಯನ್ನು ಸಿದ್ಧಮಾಡುವುದೆಂದರೆ ಗೋಡೆ, ಕದ, ಹಲಗೆಗಳನ್ನು ಬದಲಿಸುವುದೆಂದೂ, ಉಳಿದುದನ್ನೆಲ್ಲ ನಾನೊಬ್ಬಳೇ ಹೊರುವುದೆಂದೂ ತಿಳಿದಿದ್ದೆನು. ನನ್ನ ಹೊರೆಯನ್ನು ನೋಡಿ ಅವರು ತಮ್ಮ ಪ್ರಾಣವನ್ನೇ ಕಡಿಮೆಮಾಡಿಕೊಳ್ಳುತ್ತಿದ್ದರು. ಆಸ್ಪತ್ರೆಯ ಆ ಐದು ದಿನಗಳಲ್ಲಿ ನನಗೆ ಮತ್ತೊಂದು ಪಾಠ ನೆನಪಾಯಿತು. ನಮ್ಮ ಟೀಚರಮ್ಮನವರು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ವಿಷಯವನ್ನು ಹೇಳುತ್ತಿದ್ದರು. ಅವರು 1954ರಲ್ಲಿ ವಾಹನದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ತರುಣಿ ವೈದ್ಯೆ. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ವಿದೇಶಕ್ಕೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದು 1966ರಲ್ಲಿ ವೆಲ್ಲೂರಿನಲ್ಲಿ ತಮ್ಮಂಥವರಿಗಾಗಿ ಒಂದು ಸಂಸ್ಥೆಯನ್ನು ತೆರೆದರು. ನಮ್ಮ ಬೆಂಗಳೂರಿನಲ್ಲಿಯೂ, ತಾವೇ ಪೋಲಿಯೋದಿಂದ ನಡಿಗೆ ಕಳೆದುಕೊಂಡಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಘವನ್ನು ಸ್ಥಾಪಿಸಿದರು. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ ಅವರ ಧೈರ್ಯವಷ್ಟೇ ನನಗೆ ಕಂಡಿತ್ತು. ಈಗ ಕಂಡದ್ದು ಬೇರೆ: ಅವರ ಕೈಯಿಂದ ಕೆಲಸವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಾನಾದರೋ ಸೇವೆಯ ಹೆಸರಿನಲ್ಲಿ ನಮ್ಮ ಯಜಮಾನರ ಕೈಯಿಂದ ಎಲ್ಲವನ್ನೂ, ಹುಳುಮನೆಯ ಬೀಗದ ಕೈಯನ್ನು ಕೂಡ, ತೆಗೆದುಕೊಂಡಿದ್ದೆನು.

ಮನೆಗೆ ಬಂದ ಮೇಲೆ ಎಲ್ಲರನ್ನೂ ಕೂರಿಸಿ ಕೆಲಸಗಳನ್ನು ಹೊಸದಾಗಿ ಹಂಚಿದೆವು. ನಳಿಕೆಯನ್ನು ಹಾಕಿಕೊಳ್ಳುವುದನ್ನು ಯಜಮಾನರು ತಾವೇ ಕಲಿತರು. ಕೈತೊಳೆಯುವ ಕ್ರಮ, ಕನ್ನಡಿ, ವೇಳೆಯ ಪಟ್ಟಿ, ಎಲ್ಲವೂ ಮಂಚದ ಪಕ್ಕದ ಗೂಡಿನಲ್ಲಿ ಕೈಗೆಟಕುವಂತಿವೆ. ಅದೇ ಕನ್ನಡಿಯಿಂದ ಅವರು ಬೆನ್ನನ್ನೂ ಹಿಮ್ಮಡಿಗಳನ್ನೂ ದಿನವೂ ನೋಡಿಕೊಳ್ಳುವರು. ಮಗನು ಡಿಪ್ಲೊಮಾ ಓದುತ್ತಿದ್ದನು. ಅವನು ಮಗ್ಗುಲು ಹೊರಳಿಸುವುದನ್ನೂ ಮುದ್ದೆ ತಿರುವುವುದನ್ನೂ ಕಲಿತನು. ಮೊದಲನೆಯ ವಾರದ ಮುದ್ದೆಗಳಲ್ಲಿ ಗಂಟುಗಳಿದ್ದುವು. ಗಂಡುಮಗನು ಒಲೆಯ ಮುಂದೆ ಕೋಲು ಹಿಡಿದು ಕುಳಿತುದನ್ನು ಕಂಡು ಬೀದಿಯವರು ನಕ್ಕರು. ಆತನ ಅಜ್ಜಿ ನಗಲಿಲ್ಲ.

ಅತ್ತೆಯವರಿಗೆ ಯಾವ ಕೆಲಸವೆಂದು ನಾನು ಯೋಚಿಸಿಯೇ ಇರಲಿಲ್ಲ; ಅವರಿಗೆ ಆಗ ಎಂಬತ್ತು ದಾಟಿತ್ತು. ಅವರೇ ಕೇಳಿದರು. “ನನಗೆ ಹೇಗೂ ರಾತ್ರಿ ನಿದ್ದೆ ಬಾರದು. ಎರಡು ಗಂಟೆಗೊಮ್ಮೆ ಎಬ್ಬಿಸುವ ಕೆಲಸ ನನ್ನದು,” ಎಂದರು. ಅಂದಿನಿಂದ ಹತ್ತಕ್ಕೂ ಹನ್ನೆರಡಕ್ಕೂ ಎರಡಕ್ಕೂ ನಾಲ್ಕಕ್ಕೂ ಅವರ ಕೋಲು ನನ್ನ ಮಂಚದ ಕಾಲನ್ನು ತಟ್ಟುತ್ತದೆ. ಗಡಿಯಾರದ ಅಲಾರಮನ್ನು ನಿದ್ದೆಗಣ್ಣಿನಲ್ಲಿ ಅದುಮಿ ಮಲಗಬಹುದು. ಅತ್ತೆಯವರನ್ನು ಹಾಗೆ ಮಾಡಲಾಗದು. ಆ ಬಳಿಕ ಒಂದು ಹುಣ್ಣೂ ಆಗಿಲ್ಲ.

ಯಜಮಾನರ ಕಸುಬಿನ ವಿಷಯಕ್ಕೆ ಹೆಚ್ಚು ಕಾಲ ಹಿಡಿಯಿತು. ಹಿಪ್ಪುನೇರಳೆಯ ತೋಟವನ್ನು ಮಾರಿ ಹಣವನ್ನು ಬ್ಯಾಂಕಿನಲ್ಲಿಡೋಣವೆಂದು ನೆಂಟರೆಲ್ಲ ಹೇಳಿದರು. ನನಗೂ ಅರ್ಧ ಮನಸ್ಸಿತ್ತು. ಹುಳುಮನೆಯ ಬಾಗಿಲಿಗೂ ಇಳಿಜಾರು ಮಾಡಿಸಿ, ಸಾಲಿನ ಕೆಳಗಿನ ಒಂದು ಅಂತಸ್ತನ್ನು ತೊಡೆಯೆತ್ತರಕ್ಕೆ ಇಳಿಸಿದೆವು. ಭುಜಗಳು ಬಿಗಿದಿರುವುದರಿಂದ ಅವರು ಕೈಯನ್ನು ಮೇಲಕ್ಕೆತ್ತಲಾರರು. ಆದರೆ ಹಣ್ಣಾದ ಹುಳುವನ್ನು ಆರಿಸಿ ಚಂದ್ರಂಕಿಗೆ ಬಿಡಲು ಬೇಕಾದದ್ದು ಕಣ್ಣು ಮತ್ತು ಬೆರಳು. ಹುಳುವಿನ ಮೈ ಹೊಳಪಾಗಿ, ಮೇವು ಬಿಟ್ಟು, ತಲೆಯೆತ್ತಿ ಆಡಿಸುವ ಆ ಗಳಿಗೆಯನ್ನು ನಮ್ಮ ಬೀದಿಯಲ್ಲಿ ಅವರಷ್ಟು ನಿಖರವಾಗಿ ಬಲ್ಲವರಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಧಾರಣೆಯನ್ನು ಫೋನಿನಲ್ಲಿ ವಿಚಾರಿಸುವುದು, ಆಳುಗಳ ಲೆಕ್ಕ, ಚಾಕಿ ಹುಳುವಿಗೆ ಹೇಳಿಡುವುದು, ಎಲ್ಲವೂ ಮತ್ತೆ ಅವರದಾಯಿತು. ಬೀಗದ ಕೈ ಈಗ ಕುರ್ಚಿಯ ತೋಳಿಗೆ ಕಟ್ಟಿದೆ.

ಕಾಗದಪತ್ರಗಳ ವಿಷಯವನ್ನು ಬೇಗನೆ ಹೇಳಿಬಿಡುತ್ತೇನೆ. 1995ರ ಕಾಯಿದೆಯ ಸ್ಥಳದಲ್ಲಿ 2016ರಲ್ಲಿ ಹೊಸ ಕಾಯಿದೆ ಬಂದು 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಫ್ಲೋರೈಡಿನ ರೋಗಕ್ಕೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ಆದರೆ ನಡೆದಾಟದ ವೈಕಲ್ಯವೆಂದು ಪ್ರಮಾಣಪತ್ರ ಪಡೆಯಬಹುದು. ಅದರಲ್ಲಿ ನೂರಕ್ಕೆ 40 ಅಥವಾ ಹೆಚ್ಚೆಂದು ಬರೆದಿದ್ದರೆ ಸರಕಾರದ ಬಹುಮಟ್ಟಿನ ಸೌಲಭ್ಯಗಳಿಗೆ ಬಾಗಿಲು ತೆರೆಯುತ್ತದೆ. ನಾವು ಈ ಕಾಗದಕ್ಕಾಗಿ ನಾಲ್ಕು ಸಾರಿ ಅಲೆದೆವು. ಮೂರು ಸಾರಿ ಕುರ್ಚಿ ಹತ್ತದ ಮೆಟ್ಟಿಲುಗಳ ಕೆಳಗೆ ಕಾದೆವು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುವರೆಂಬುದು ನಮಗೆ ಮೊದಲು ತಿಳಿದಿರಲಿಲ್ಲ. ತಿಳಿದ ಮೇಲೆ ಕೆಲಸ ಸುಲಭವಾಯಿತು. ಬ್ಯಾಂಕಿನ ಲೆಕ್ಕವನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಮಾಡಿಸಿದೆವು. ಪಹಣಿ, ವಿಮೆಯ ಪತ್ರ, ಪ್ರಮಾಣಪತ್ರ, ಸಾಲದ ನೋಟುಪುಸ್ತಕ, ಇವಿಷ್ಟೂ ಒಂದೇ ತಗಡಿನ ಪೆಟ್ಟಿಗೆಯಲ್ಲಿವೆ. ಅದು ಎಲ್ಲಿದೆಯೆಂದು ಮನೆಯ ನಾಲ್ವರಿಗೂ ಗೊತ್ತು, ಮದುವೆಯಾಗಿ ಹೋದ ಮಗಳಿಗೂ ಗೊತ್ತು.

2022ರಲ್ಲಿ ಈ ಏರ್ಪಾಡಿಗೆ ಪರೀಕ್ಷೆ ಬಂದಿತು. ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿರಬೇಕಾಯಿತು. ಹೊರಡುವಾಗ ಎಂಟು ಪುಟಗಳಷ್ಟು ಸೂಚನೆಗಳನ್ನು ಬರೆದಿಟ್ಟೆನು. ದಿನಕ್ಕೆ ಮೂರು ಸಾರಿ ಫೋನು ಮಾಡಿದರೆ ಎರಡು ಸಾರಿ ಅವರಿಗೆ ಬಿಡುವಿರುತ್ತಿರಲಿಲ್ಲ. ಹತ್ತನೆಯ ದಿನ ಮರಳಿದಾಗ ಯಜಮಾನರ ಚರ್ಮವು ಸ್ವಚ್ಛವಾಗಿತ್ತು. ಮಗನು ಸಾರು ಮಾಡಿದ್ದನು. ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬ ಸ್ಥಳ ಬದಲಿಸಿತ್ತು. ನನ್ನ ಎಂಟು ಪುಟಗಳನ್ನು ಯಾರೂ ತೆರೆದಂತಿರಲಿಲ್ಲ. ಸಂತೋಷಪಡಬೇಕಾಗಿತ್ತು, ಪಟ್ಟೆನು, ಆದರೆ ನಾನಿಲ್ಲದೆ ಇಷ್ಟು ಚೆನ್ನಾಗಿ ನಡೆಯಿತಲ್ಲಾ ಎಂದು ಮನಸ್ಸಿನ ಮೂಲೆಯಲ್ಲಿ ಸ್ವಲ್ಪ ಕೆಡುಕೆನಿಸಿದ್ದೂ ನಿಜ. ಇದನ್ನು ಈವರೆಗೆ ಮನೆಯವರಿಗೆ ಹೇಳಿಲ್ಲ. ಸಂಚಿಕೆಯನ್ನು ಓದಿದಾಗ ತಿಳಿದುಕೊಳ್ಳಲಿ.

ಅದೇ ಹಳ್ಳಿಯ ನೀರನ್ನು ನಾನೂ ಹದಿನಾಲ್ಕು ವರ್ಷ ಕುಡಿದವಳು. ಈಚೆಗೆ ಬೆಳಗಿನ ಹೊತ್ತು ನನ್ನ ಕುತ್ತಿಗೆಯೂ ಸುಲಭವಾಗಿ ತಿರುಗುವುದಿಲ್ಲ. ಹೋದ ತಿಂಗಳು ಎಕ್ಸ್‌ರೇ ತೆಗೆಸಿಕೊಂಡೆನು; ಸ್ವಲ್ಪ ಇದೆಯೆಂದರು, ವರ್ಷಕ್ಕೊಮ್ಮೆ ನೋಡೋಣವೆಂದರು. ಈ ಸಾರಿ ನಾವು ಬಚ್ಚಿಡಲಿಲ್ಲ. ಅಂದು ಸಂಜೆಯೇ ಮಗಳಿಗೂ ಮಗನಿಗೂ ಹೇಳಿದೆವು. ಯಜಮಾನರು ನೋಟುಪುಸ್ತಕದಲ್ಲಿ ಹೊಸ ಪುಟವನ್ನು ತೆರೆದು ನನ್ನ ಕೆಲಸಗಳನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಇದುವರೆಗೆ 43 ಆಗಿವೆ. ಮೂವತ್ತನೆಯದನ್ನು, ಅಂದರೆ ಸೊಪ್ಪು ಕೊಯ್ಯುವ ಆಳುಗಳಿಗೆ ಬುತ್ತಿ ಕಟ್ಟುವುದನ್ನು, ಮುಂದಿನ ಬೆಳೆಯಿಂದ ಕೈಬಿಡಬೇಕೆಂದು ತೀರ್ಮಾನವಾಗಿದೆ. ಅಡಿಗೆಯ ಕಟ್ಟೆಯನ್ನು ಕುಳಿತು ಬೇಯಿಸುವ ಎತ್ತರಕ್ಕೆ ಇಳಿಸಲು ಮರುವಾರ ಮೇಸ್ತ್ರಿ ಬರುವನು. ಅಳತೆಯನ್ನು ಈ ಸಲ ನಾವೇ ಬರೆದುಕೊಟ್ಟಿದ್ದೇವೆ.